ಫೋನಿಗೆ ವಿಮಾನ, ಕಾಫಿಗೆ ಹಡಗು: ಪೂರೈಕೆ ಸರಪಳಿಯ ಹಿಂದಿನ ಲೆಕ್ಕ

2025ರ ಏಪ್ರಿಲ್‌ನಲ್ಲಿ ರಾಯಿಟರ್ಸ್ ಒಂದು ಸುದ್ದಿ ಪ್ರಕಟಿಸಿತು. ಆ್ಯಪಲ್ ಕಂಪನಿ ಭಾರತದಿಂದ ಅಮೆರಿಕಕ್ಕೆ ಸರಕು ವಿಮಾನಗಳನ್ನೇ ಬಾಡಿಗೆಗೆ ಹಿಡಿದು ಸುಮಾರು 600 ಟನ್ ಐಫೋನ್ ಸಾಗಿಸಿತ್ತು. ಅಂದರೆ ಹತ್ತಿರ ಹತ್ತಿರ 15 ಲಕ್ಷ ಫೋನ್. ಚೆನ್ನೈ ವಿಮಾನ ನಿಲ್ದಾಣದಲ್ಲಿ 30 ಗಂಟೆ ಹಿಡಿಯುತ್ತಿದ್ದ ಕಸ್ಟಮ್ಸ್ ಕೆಲಸ 6 ಗಂಟೆಯಲ್ಲಿ ಮುಗಿಯುವ ಹಾಗೆ ಏರ್ಪಾಡೂ ಆಗಿತ್ತು. ಟ್ರಂಪ್ ಸುಂಕ ಜಾರಿಗೆ ಬರುವ ಮೊದಲು ಮಾಲು ದಾಟಿಸುವ ಆತುರ ಎಂದು ಎಲ್ಲರೂ ಓದಿಕೊಂಡರು. ಆತುರ ಇದ್ದದ್ದು ನಿಜ. ಆದರೆ ಸುಂಕದ ಮಾತೇ ಇಲ್ಲದ ವರ್ಷಗಳಲ್ಲೂ ಐಫೋನ್ ಹೆಚ್ಚಾಗಿ ವಿಮಾನವನ್ನೇ ಹತ್ತುತ್ತದೆ. ಯಾಕೆ ಅಂತ ನೋಡೋಕೆ ಒಂದು ಚಿಕ್ಕ ಲೆಕ್ಕ ಸಾಕು.

ಡಬ್ಬಿ, ಕೇಬಲ್ ಎಲ್ಲ ಸೇರಿ ಒಂದು ಐಫೋನಿನ ತೂಕ 350 ಗ್ರಾಂ ಆಸುಪಾಸು. ವಿಮಾನದ ಬಾಡಿಗೆ ಕೆಜಿಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಫೋನಿಗೆ 175 ರೂಪಾಯಿ ಬಿತ್ತು. ಹಡಗಿನಲ್ಲಾದರೆ ಬಾಡಿಗೆ ಲೆಕ್ಕಕ್ಕೇ ಬರದಷ್ಟು ಕಡಿಮೆ. ಆದರೆ ತಿಂಗಳು ಹಿಡಿಯುತ್ತದೆ. 60,000 ರೂಪಾಯಿಯ ವಸ್ತು 30 ದಿನ ಸಮುದ್ರದ ಮೇಲೆ ತೇಲುತ್ತಾ ಇದ್ದರೆ, ವರ್ಷಕ್ಕೆ ಶೇ 10ರ ಬಡ್ಡಿಯಲ್ಲಿ 493 ರೂಪಾಯಿ ಅದರ ಮೇಲೆ ಕೂತಿರುತ್ತದೆ. ಅಷ್ಟರಲ್ಲಿ ಹೊಸ ಮಾಡೆಲ್ ಬಂದು ಹಳೆಯದರ ಬೆಲೆ ಇಳಿದರೆ ಅದು ಬೇರೆ. ಹಾಗಾಗಿ 175 ರೂಪಾಯಿ ಕೊಟ್ಟು ವಿಮಾನ ಹತ್ತಿಸುವುದೇ ಅಗ್ಗ.

ಇದೇ ಲೆಕ್ಕವನ್ನು ಚಿಕ್ಕಮಗಳೂರಿನ ಕಾಫಿಗೆ ಹಾಕಿ. ಕೆಜಿಗೆ 400 ರೂಪಾಯಿ ಅಂದುಕೊಂಡರೆ 30 ದಿನದ ಬಡ್ಡಿ ಮೂರು ರೂಪಾಯಿ ಚಿಲ್ಲರೆ. ಅದನ್ನು ಉಳಿಸೋಕೆ 500 ರೂಪಾಯಿ ವಿಮಾನ ಬಾಡಿಗೆ ಯಾರು ಕೊಡ್ತಾರೆ? ಕಾಫಿ ಹಡಗಿನಲ್ಲೇ ಹೋಗಬೇಕು.

ಎರಡು ಸರಕು, ಎರಡು ದಾರಿ, ಸೂತ್ರ ಮಾತ್ರ ಒಂದೇ. ಇಂಥ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಸೇರಿಸಿ, ಯಾವ ದೇಶದಲ್ಲಿ ಕಾರ್ಖಾನೆ ತೆರೆಯಬೇಕು, ಯಾವುದನ್ನು ಮುಚ್ಚಬೇಕು, ಯಾರಿಂದ ಬಿಡಿಭಾಗ ಕೊಳ್ಳಬೇಕು, ಯಾವ ಬಂದರಿನ ಮೂಲಕ ಕಳಿಸಬೇಕು ಎಂದು ಒಂದೇ ಸಲಕ್ಕೆ ಉತ್ತರ ಹುಡುಕುವುದಕ್ಕೆ ಆಪ್ಟಿಮೈಸೇಶನ್ ಮಾಡೆಲ್ ಅನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆಂದೇ ತಂಡಗಳಿವೆ. ಅಂಥ ಎಷ್ಟೋ ತಂಡಗಳು ಬೆಂಗಳೂರಿನಲ್ಲೇ ಕೂತಿವೆ. ಜರ್ಮನಿಯ ಗೋದಾಮು ಎಲ್ಲಿರಬೇಕು ಅನ್ನೋದರ ಲೆಕ್ಕವನ್ನು ವೈಟ್‌ಫೀಲ್ಡ್‌ನಲ್ಲಿ ಯಾರೋ ಮಾಡುತ್ತಿರಬಹುದು.

ಈ ಮಾಡೆಲ್‌ಗಳ ಒಂದು ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಸುತ್ತಲೇ ತಿರುಗುತ್ತದೆ. ಲೆಕ್ಕದಲ್ಲಿ ಬರೆಯದೆ ಬಿಟ್ಟ ಖರ್ಚನ್ನು ಮಾಡೆಲ್ ಸೊನ್ನೆ ಎಂದೇ ಓದಿಕೊಳ್ಳುತ್ತದೆ. ಮೇಲಿನ ಲೆಕ್ಕದಲ್ಲಿ ಬಡ್ಡಿಯನ್ನು ಬರೆಯದೇ ಇದ್ದಿದ್ದರೆ ಐಫೋನೂ ಹಡಗು ಹತ್ತುತ್ತಿತ್ತು. ಕಳೆದ 15 ವರ್ಷಗಳಲ್ಲಿ ಪೂರೈಕೆ ಸರಪಳಿಗಳು ಎಡವಿದ ಕಡೆಯಲ್ಲೆಲ್ಲ ಹೀಗೆ ಬರೆಯದೆ ಬಿಟ್ಟ ಒಂದು ಸಾಲು ಸಿಗುತ್ತದೆ.

ಗಣಿತದ ಕಡೆ ಸ್ವಲ್ಪ ನೋಡೋಣ. ಇಷ್ಟು ಕಾರ್ಖಾನೆ, ಇಷ್ಟು ಮಾರುಕಟ್ಟೆ, ಯಾವುದರಿಂದ ಯಾವುದಕ್ಕೆ ಎಷ್ಟು ಕಳಿಸಿದರೆ ಒಟ್ಟು ಖರ್ಚು ಕಡಿಮೆ? ಇಷ್ಟೇ ಆದರೆ ಅದು ಸುಲಭದ ಪ್ರಶ್ನೆ. ಸೋವಿಯತ್ ಒಕ್ಕೂಟದ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲೇ ಇಂಥ ಲೆಕ್ಕಗಳಿಗೆ ದಾರಿ ತೋರಿಸಿದ್ದರು. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್‌ಜಿಗ್ ಅವನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. ಕಾಂಟೊರೊವಿಚ್‌ಗೆ 1975ರಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಕಷ್ಟ ಶುರುವಾಗುವುದು ಕಾರ್ಖಾನೆ ತೆರೆಯಬೇಕೋ ಬೇಡವೋ ಎಂಬಲ್ಲಿ. ಮಾಲನ್ನು ಅರ್ಧ ಲಾರಿ ಕಳಿಸಬಹುದು, ಅರ್ಧ ಕಾರ್ಖಾನೆ ತೆರೆಯೋಕಾಗಲ್ಲ. ತೆರೆದರೆ 1, ಇಲ್ಲದಿದ್ದರೆ 0. 1974ರಲ್ಲಿ ಆರ್ಥರ್ ಜೆಫ್ರಿಯನ್ ಮತ್ತು ಗ್ಲೆನ್ ಗ್ರೇವ್ಸ್ ಎಂಬ ಇಬ್ಬರು ಹಂಟ್-ವೆಸ್ಸನ್ ಫುಡ್ಸ್ ಎಂಬ ಅಮೆರಿಕದ ಆಹಾರ ಕಂಪನಿಗೆ ಮಾಡಿಕೊಟ್ಟ ಲೆಕ್ಕ ಈ ಕ್ಷೇತ್ರದಲ್ಲಿ ಹೆಸರುವಾಸಿ. 14 ಕಾರ್ಖಾನೆ, 121 ಮಾರಾಟ ವಲಯ, ಗೋದಾಮು ಕಟ್ಟಬಹುದಾದ 45 ಜಾಗ. 45 ಜಾಗಗಳಲ್ಲಿ ಪ್ರತಿಯೊಂದಕ್ಕೂ 0 ಅಥವಾ 1 ಅಂದರೆ ಒಟ್ಟು 35 ಲಕ್ಷ ಕೋಟಿಗೂ ಮೀರಿದ ಆಯ್ಕೆಗಳು. ಸೆಕೆಂಡಿಗೆ 10 ಲಕ್ಷ ಆಯ್ಕೆ ಪರೀಕ್ಷಿಸಿದರೂ ವರ್ಷದ ಮೇಲೆ ಬೇಕು. ಇನ್ನೊಂದೇ ಒಂದು ಜಾಗ ಸೇರಿಸಿದರೆ ಅದೂ ದುಪ್ಪಟ್ಟು.

ಅವರು ಎಲ್ಲವನ್ನೂ ಪರೀಕ್ಷಿಸಲಿಲ್ಲ. ಯಾವ ಗೋದಾಮು ತೆರೆದಿದೆ ಎಂದು ಒಮ್ಮೆ ಊಹಿಸಿಕೊಂಡರೆ, ಉಳಿಯುವುದು ಬರೀ ಸಾಗಣೆಯ ಸುಲಭದ ಲೆಕ್ಕ. ಆ ಲೆಕ್ಕ ಬಿಡಿಸಿದಾಗ ಉತ್ತರದ ಜೊತೆ ಇನ್ನೊಂದು ಮಾಹಿತಿಯೂ ಬರುತ್ತದೆ: ಈ ಊರಿನ ಗೋದಾಮನ್ನು ಬಿಟ್ಟರೆ ಖರ್ಚು ಏನೇ ಮಾಡಿದರೂ ಇಷ್ಟಕ್ಕಿಂತ ಕೆಳಗೆ ಇಳಿಯಲ್ಲ ಅನ್ನುವ ಮಾಹಿತಿ. ಅದನ್ನು ಹೊಸ ಷರತ್ತಾಗಿ ಸೇರಿಸಿ ಮತ್ತೆ ಊಹಿಸುತ್ತಾರೆ. ಪ್ರತಿ ಸುತ್ತಿನಲ್ಲೂ ಲಕ್ಷಗಟ್ಟಲೆ ಕೆಟ್ಟ ಆಯ್ಕೆಗಳು ನೋಡದೆಯೇ ಉದುರಿಹೋಗುತ್ತವೆ. 1962ರಲ್ಲಿ ಬೆಂಡರ್ಸ್ ಎಂಬುವರು ಕೊಟ್ಟ ಉಪಾಯ ಇದು. ಈಗ ಸಿಪ್ಲೆಕ್ಸ್, ಗುರೋಬಿಯಂಥ ಸಾಲ್ವರ್ ಸಾಫ್ಟ್‌ವೇರ್‌ಗಳು ಲಕ್ಷಾಂತರ ಅಜ್ಞಾತಗಳಿರುವ ಲೆಕ್ಕವನ್ನೂ ಬಿಡಿಸುತ್ತವೆ. ಲೆಕ್ಕ ಬಿಡಿಸುವುದು ಇವತ್ತು ದೊಡ್ಡ ತೊಡಕೇ ಅಲ್ಲ.

ಹಂಟ್-ವೆಸ್ಸನ್ ಲೆಕ್ಕ ಒಂದೇ ದೇಶದ್ದು. ಗಡಿ ದಾಟಿದ ಕೂಡಲೇ ಸುಂಕ, ತೆರಿಗೆ, ಬೇರೆ ಬೇರೆ ಕರೆನ್ಸಿ, ಇಷ್ಟು ಭಾಗ ನಮ್ಮಲ್ಲೇ ತಯಾರಾಗಬೇಕು ಎಂಬ ಸರ್ಕಾರಗಳ ಪಟ್ಟು, ಎಲ್ಲವೂ ಬಂದು ಸೇರುತ್ತವೆ. ಇದನ್ನೆಲ್ಲ ಒಂದೇ ಮಾಡೆಲ್‌ಗೆ ತಂದ ಒಂದು ದೊಡ್ಡ ಉದಾಹರಣೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್. ಎಂಬತ್ತರ ದಶಕದ ಕೊನೆಯಲ್ಲಿ ಐಬಿಎಂ ಬಿಟ್ಟರೆ ಇದೇ ದೊಡ್ಡ ಕಂಪ್ಯೂಟರ್ ಕಂಪನಿ. ತೊಂಬತ್ತರ ದಶಕದ ಶುರುವಿನಲ್ಲಿ ವ್ಯಾಪಾರ ಕುಸಿಯಿತು. ದೊಡ್ಡ ಯಂತ್ರಗಳಿಗೆಂದು ಕಟ್ಟಿದ ಕಾರ್ಖಾನೆಗಳು ಜಾಸ್ತಿಯಾದವು. ಆಗ ಬ್ರೂಸ್ ಆರ್ಂಟ್‌ಜೆನ್ ಮತ್ತು ಜೊತೆಗಾರರು ಮಾಡಿದ ಮಾಡೆಲ್‌ನಲ್ಲಿ ಬಿಡಿಭಾಗಗಳ ಪಟ್ಟಿಯಿಂದ ಹಿಡಿದು ಡ್ಯೂಟಿ ಡ್ರಾಬ್ಯಾಕ್‌ವರೆಗೆ ಎಲ್ಲ ಇತ್ತು. ಡ್ಯೂಟಿ ಡ್ರಾಬ್ಯಾಕ್ ಅಂದರೆ, ಹೊರಗಿನಿಂದ ತಂದ ಭಾಗಕ್ಕೆ ಕಟ್ಟಿದ ಸುಂಕವನ್ನು, ಅದೇ ಭಾಗ ಸಿದ್ಧವಸ್ತುವಿನ ಒಳಗೆ ಕೂತು ರಫ್ತಾದಾಗ ಸರ್ಕಾರ ವಾಪಸ್ ಕೊಡುವುದು. ಹೀಗಾಗಿ ಒಂದು ಸರ್ಕ್ಯೂಟ್ ಬೋರ್ಡ್ ಯಾವ ದೇಶದ ಮೂಲಕ ಹಾದು ಬಂತು ಎಂಬುದೇ ಅದರ ಬೆಲೆಯನ್ನು ಬದಲಿಸುತ್ತದೆ. ಮಾಡೆಲ್ ಹೇಳಿದ ದಿಕ್ಕಿನಲ್ಲಿ ಕಾರ್ಖಾನೆಗಳನ್ನು ಕಡಿಮೆ ಮಾಡಿ 10 ಕೋಟಿ ಡಾಲರ್‌ಗೂ ಹೆಚ್ಚು ಉಳಿಸಿದೆವು ಎಂದು ತಂಡ 1995ರಲ್ಲಿ ವರದಿ ಮಾಡಿತು. ಮೂರು ವರ್ಷದಲ್ಲಿ ಕಂಪನಿಯನ್ನೇ ಕಾಂಪ್ಯಾಕ್ ಎಂಬ ಇನ್ನೊಂದು ಕಂಪ್ಯೂಟರ್ ಕಂಪನಿ ಕೊಂಡುಕೊಂಡಿತು. ಯಾವ ಕಂಪ್ಯೂಟರ್ ಮಾಡಿದರೆ ಜನ ಕೊಳ್ಳುತ್ತಾರೆ ಎಂದು ಆ ಮಾಡೆಲ್‌ಗೆ ಯಾರೂ ಕೇಳಿರಲಿಲ್ಲ. ಬೇಡಿಕೆ ಅದರೊಳಗೆ ಬರೀ ಒಂದು ಕೊಟ್ಟ ಸಂಖ್ಯೆ.

ತೆರಿಗೆಯ ವಿಚಾರ ಇನ್ನೂ ಸ್ವಾರಸ್ಯ. ಒಂದೇ ಕಂಪನಿಯ ಒಂದು ದೇಶದ ಘಟಕ ಇನ್ನೊಂದು ದೇಶದ ಘಟಕಕ್ಕೆ ಮಾಲು ಮಾರುತ್ತದೆ. ಬೆಲೆ ಎಷ್ಟು ಎಂದು ನಿಗದಿ ಮಾಡುವವರೂ ತಾವೇ. ಬೆಲೆ ಏರಿಸಿದರೆ ಲಾಭ ಮಾರುವ ದೇಶದಲ್ಲಿ ಉಳಿಯುತ್ತದೆ. ಅಲ್ಲಿ ತೆರಿಗೆ ಕಡಿಮೆ ಇದ್ದರೆ ಕಂಪನಿಗೆ ಖುಷಿ. ಐರ್ಲೆಂಡ್‌ನ ಶೇ 12.5ರ ದರ ಬಹುಕಾಲ ಇದಕ್ಕೇ ಹೆಸರಾಗಿತ್ತು. ಆದರೆ ಬೆಲೆ ಏರಿದಷ್ಟೂ ಕೊಳ್ಳುವ ದೇಶದ ಗಡಿಯಲ್ಲಿ ಕಸ್ಟಮ್ಸ್ ಸುಂಕ ಜಾಸ್ತಿ ಕಟ್ಟಬೇಕು. ಎರಡೂ ಕಡೆ ಎಳೆದಾಟ. ಗಣಿತಕ್ಕೂ ಇದು ತಲೆನೋವು. ಎಷ್ಟು ಮಾಲು ಅನ್ನೋದೂ ಗೊತ್ತಿಲ್ಲ, ಯಾವ ಬೆಲೆ ಅನ್ನೋದೂ ಗೊತ್ತಿಲ್ಲ, ಎರಡನ್ನೂ ಗುಣಿಸಬೇಕು. ಆಗ ಮೊದಲು ಹೇಳಿದ ಸುಲಭದ, ಸರಳ ರೇಖೆಯ ಲೆಕ್ಕ ಕೈಬಿಟ್ಟುಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಕಾರ್ಖಾನೆ ಅಲ್ಲಿಗೆ ಹೋದದ್ದು ಕೂಲಿ ಕಡಿಮೆ ಅಂತ ಅನಿಸುತ್ತದೆ. ಒಳಗಿನ ಲೆಕ್ಕದಲ್ಲಿ ಎಷ್ಟೋ ಸಲ ಕೂಲಿಗಿಂತ ಈ ಸಾಲುಗಳದ್ದೇ ಮೇಲುಗೈ. ಒಂದು ರಾಜ್ಯ ಸರ್ಕಾರ ಬಂಡವಾಳ ಹೂಡಿಕೆ ಸಮಾವೇಶದಲ್ಲಿ ನಮ್ಮಲ್ಲಿ ಜನ ಅಗ್ಗ ಎಂದು ಹೇಳಿಕೊಳ್ಳುವಾಗ ಎದುರು ಕೂತವರು ಬಹುಶಃ ಬೇರೆ ಸಾಲನ್ನೇ ನೋಡುತ್ತಿರುತ್ತಾರೆ.

ಇನ್ನು ಎಡವಿದ ಕಥೆಗೆ ಬರೋಣ.

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯದಲ್ಲಿ ಭೂಕಂಪ, ಸುನಾಮಿ. ಫುಕುಶಿಮಾ ಅಣುಸ್ಥಾವರದ ಹತ್ತಿರದ ಒನಾಹಾಮಾದಲ್ಲಿ ಮರ್ಕ್ ಕಂಪನಿಯ ಒಂದು ಸಣ್ಣ ಕಾರ್ಖಾನೆ ನಿಂತುಹೋಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಕ್ಸಿರಾಲಿಕ್ ಎಂಬ ಬಣ್ಣದ ಪುಡಿ. ಕಾರಿನ ಬಣ್ಣ ಬಿಸಿಲಿಗೆ ಮಿಂಚುವ ಹಾಗೆ ಮಾಡುವ ಪುಡಿ. ಇಡೀ ಪ್ರಪಂಚದಲ್ಲಿ ಅದನ್ನು ಮಾಡುತ್ತಿದ್ದದ್ದು ಅದೊಂದೇ ಜಾಗ. ಕೆಲವೇ ವಾರದಲ್ಲಿ ಅಮೆರಿಕದ ಫೋರ್ಡ್ ತನ್ನ ಡೀಲರ್‌ಗಳಿಗೆ ಒಂದು ಬಗೆಯ ಕಪ್ಪು ಮತ್ತು ಕೆಲವು ಕೆಂಪು ಬಣ್ಣದ ಗಾಡಿಗಳಿಗೆ ಆರ್ಡರ್ ತಗೋಬೇಡಿ ಎಂದಿತು. ಸಾವಿರಾರು ಭಾಗಗಳ ಗಾಡಿ, ಎಲ್ಲವೂ ಇದೆ, ಚಿಟಿಕೆ ಪುಡಿ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ನೆರೆ ಬಂದು ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಗೆ ನೀರು ನುಗ್ಗಿತು. ಲೋಕಕ್ಕೆಲ್ಲ ಹಾರ್ಡ್ ಡಿಸ್ಕ್ ಅಭಾವ ಆಯಿತು.

ಮಾಡೆಲ್ ಮುಂದೆ ಕೂತು ಯೋಚಿಸಿ. ಒಂದೇ ಕಡೆ ಎಲ್ಲ ಮಾಡಿದರೆ ಸ್ಥಿರ ಖರ್ಚು ಒಂದೇ ಸಲ. ಹಾಗಾಗಿ ಖರ್ಚನ್ನಷ್ಟೇ ತಗ್ಗಿಸು ಎಂದರೆ ಉತ್ತರ ಸದಾ ಕಡಿಮೆ ಜಾಗಗಳ ಕಡೆಗೇ ವಾಲುತ್ತದೆ. ಜಾಗ ಮುಳುಗಿದರೆ ಆಗುವ ನಷ್ಟವನ್ನು ಯಾರೂ ಬರೆದಿರಲಿಲ್ಲ. ಬರೆಯದ್ದು ಸೊನ್ನೆ.

ಹಾಗಾದರೆ ಬರೆಯುವುದು ಹೇಗೆ? ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಉದಾಹರಣೆಗೆ ಇಟ್ಟುಕೊಂಡವು. ಒಂದು ಕಂಪನಿ ವರ್ಷಕ್ಕೆ 50 ಲಕ್ಷ ವಸ್ತು ಮಾರುತ್ತದೆ. ಮೊದಲ ಊರಿನಲ್ಲಿ ಕಾರ್ಖಾನೆಯ ಸ್ಥಿರ ಖರ್ಚು ವರ್ಷಕ್ಕೆ 20 ಕೋಟಿ, ಒಂದು ವಸ್ತು ಮಾಡಿ ತಲುಪಿಸೋಕೆ 1,000 ರೂಪಾಯಿ. ಎರಡನೇ ಊರಿನಲ್ಲಿ ಸ್ಥಿರ ಖರ್ಚು 15 ಕೋಟಿ, ಒಂದು ವಸ್ತುವಿಗೆ 1,020 ರೂಪಾಯಿ. ಎಲ್ಲವನ್ನೂ ಮೊದಲ ಊರಿನಲ್ಲೇ ಮಾಡಿದರೆ ಒಟ್ಟು 520 ಕೋಟಿ. ಎರಡೂ ಕಡೆ ತೆರೆದು 35 ಲಕ್ಷ ಅಲ್ಲಿ, 15 ಲಕ್ಷ ಇಲ್ಲಿ ಮಾಡಿದರೆ 538 ಕೋಟಿ. ವ್ಯತ್ಯಾಸ 18 ಕೋಟಿ, ಶೇ 3.5ರಷ್ಟು. ಹಳೆಯ ಮಾಡೆಲ್ ಕಣ್ಣುಮುಚ್ಚಿ ಒಂದೇ ಊರು ಸಾಕು ಎನ್ನುತ್ತದೆ.

ಈಗ ಮೊದಲ ಊರು ಆರು ತಿಂಗಳು ಮುಚ್ಚಿತು ಅಂದುಕೊಳ್ಳಿ. ಒಂದೊಂದು ವಸ್ತುವಿನ ಮೇಲೆ 400 ರೂಪಾಯಿ ಸಿಗುತ್ತಿದ್ದರೆ, 25 ಲಕ್ಷ ವಸ್ತುಗಳ ಮಾರಾಟ ಹೋಗಿ 100 ಕೋಟಿ ನಷ್ಟ. ಎರಡನೇ ಊರು ಪೂರ್ತಿ ವೇಗದಲ್ಲಿ ಓಡಿ ಅದನ್ನು ತುಂಬಿಕೊಡಬಲ್ಲದು ಎಂದಾದರೆ, 18 ಕೋಟಿಯ ಹೆಚ್ಚುವರಿ ಖರ್ಚು ವಿಮೆಯ ಕಂತು ಇದ್ದ ಹಾಗೆ. ಐದೂವರೆ ವರ್ಷಕ್ಕೊಮ್ಮೆ ಇಂಥ ಅನಾಹುತ ಆಗುವುದಾದರೆ ಕಂತು ಕಟ್ಟುವುದು ಲಾಭ. 50 ವರ್ಷಕ್ಕೊಮ್ಮೆ ಅಂದರೆ ದಂಡ.

ಸಮಸ್ಯೆ ಇರುವುದೇ ಇಲ್ಲಿ. ಐದು ವರ್ಷವೋ ಐವತ್ತು ವರ್ಷವೋ ಯಾರಿಗೆ ಗೊತ್ತು? ಭೂಕಂಪಕ್ಕೆ, ಯುದ್ಧಕ್ಕೆ, ಸಾಂಕ್ರಾಮಿಕಕ್ಕೆ ನಂಬುವಂಥ ಸಂಭವನೀಯತೆ ಸಿಗುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೇವಿಡ್ ಸಿಮ್ಚಿ-ಲೆವಿ ಮತ್ತು ಫೋರ್ಡ್ ಕಂಪನಿಯವರು ಸೇರಿ ಮಾಡಿದ ಕೆಲಸ ನನಗೆ ಇಷ್ಟವಾಗುವುದು ಇದಕ್ಕೇ. ಅವರು ಸಂಭವನೀಯತೆಯ ಪ್ರಶ್ನೆಯನ್ನೇ ಬದಿಗಿಟ್ಟರು. ಯಾವ ಕಾರಣಕ್ಕೆ ನಿಂತಿತು ಅನ್ನೋದು ಬೇಡ. ಈ ಸರಬರಾಜುದಾರ ನಿಂತರೆ ಮತ್ತೆ ಶುರು ಮಾಡೋಕೆ ಎಷ್ಟು ವಾರ ಬೇಕು? ಅವನಿಲ್ಲದೆ ನಾವು ಎಷ್ಟು ವಾರ ತಳ್ಳಬಹುದು? ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾದರೆ ಅಲ್ಲಿ ಅಪಾಯ ಇದೆ. ಮಾಡೆಲ್ ಒಬ್ಬೊಬ್ಬನನ್ನೇ ಜಾಲದಿಂದ ತೆಗೆದು, ಇರುವ ದಾಸ್ತಾನು, ಬೇರೆ ಮೂಲ, ಬೇರೆ ಗಾಡಿಗೆ ಹೊರಳಿಸಬಹುದಾದ ಭಾಗ ಎಲ್ಲವನ್ನೂ ಜಾಣತನದಿಂದ ಹೊಂದಿಸಿದ ಮೇಲೂ ಎಷ್ಟು ನಷ್ಟ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತದೆ. ಫೋರ್ಡ್‌ಗೆ ನೇರವಾಗಿ ಮಾಲು ಕೊಡುವ 4,400 ತಾಣಗಳಿಗೂ ಹೀಗೆ ಮಾಡಿದರು.

ಬಂದ ಉತ್ತರ ಖರೀದಿ ವಿಭಾಗದವರ ಅಂದಾಜಿಗೆ ತಿರುಗುಮುರುಗು. ಅರ್ಧಕ್ಕಿಂತ ಹೆಚ್ಚು ತಾಣಗಳು ನಿಂತರೆ ಲಾಭಕ್ಕೆ ಏನೂ ಧಕ್ಕೆ ಇಲ್ಲ. ದೊಡ್ಡ ಏಟು ಕೊಡಬಲ್ಲವರಲ್ಲಿ ಬಹಳಷ್ಟು ಮಂದಿಗೆ ಫೋರ್ಡ್ ವರ್ಷಕ್ಕೆ ಕೊಡುವ ಹಣ ತೀರಾ ಕಡಿಮೆ. ಕಂಪನಿಗಳು ಸಾಮಾನ್ಯವಾಗಿ ಕಣ್ಣಿಡುವುದು ಎಂಜಿನ್, ಸೀಟು ಕೊಡುವ ದುಬಾರಿ ಸರಬರಾಜುದಾರರ ಮೇಲೆ. ಕೆಡಿಸುವವನು ಅಗ್ಗದ ಪುಟ್ಟ ಭಾಗ ಕೊಡುವವನು. ಬಣ್ಣದ ಪುಡಿಯ ಕಥೆ ಬರೀ ದುರದೃಷ್ಟ ಆಗಿರಲಿಲ್ಲ. ಒಂದು ಸಮಾಧಾನ ಅಂದರೆ ಅಗ್ಗದ ಭಾಗವನ್ನು ಎರಡು ತಿಂಗಳಿಗಾಗುವಷ್ಟು ತಂದು ಗೋದಾಮಿನಲ್ಲಿ ಇಡೋಕೆ ಖರ್ಚೂ ಕಡಿಮೆಯೇ. ಟೊಯೊಟಾ 2011ರ ನಂತರ ತನ್ನ ಚಿಪ್ ಸರಬರಾಜುದಾರರಿಗೆ ಎರಡರಿಂದ ಆರು ತಿಂಗಳ ದಾಸ್ತಾನು ಇಟ್ಟುಕೊಳ್ಳಿ ಎಂದು ಷರತ್ತು ಹಾಕಿತ್ತು. ಆ ಷರತ್ತು ಹಾಕಿದ್ದು ದಾಸ್ತಾನನ್ನೇ ಕಸ ಎಂದು ಕಾಣುವ ಪದ್ಧತಿಗೆ ಹೆಸರಾದ ಕಂಪನಿ. 2021ರ ಶುರುವಿನಲ್ಲಿ ಚಿಪ್ ಸಿಗದೆ ಬೇರೆಯವರು ಕಾರ್ಖಾನೆ ನಿಲ್ಲಿಸುತ್ತಿದ್ದಾಗ ಟೊಯೊಟಾ ಕೆಲಕಾಲ ನಿರಾಳವಾಗಿತ್ತು.

ಈ ಲೆಕ್ಕಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ಸಂಗತಿ ಇದೆ, ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಅತ್ಯುತ್ತಮ ಉತ್ತರದ ಸುತ್ತಮುತ್ತ ಖರ್ಚು ಹೆಚ್ಚುಕಡಿಮೆ ಸಮತಟ್ಟು. ಮೊದಲನೇ ಉತ್ತರಕ್ಕಿಂತ ಶೇ 1 ಅಥವಾ 2 ಮಾತ್ರ ದುಬಾರಿಯಾದ, ಆದರೆ ನಕ್ಷೆಯಲ್ಲಿ ಪೂರ್ತಿ ಬೇರೆ ಥರ ಕಾಣುವ ಹತ್ತಾರು ಜಾಲಗಳು ಸಿಗುತ್ತವೆ. ನಾವು ಕೊಟ್ಟ ಬೇಡಿಕೆಯ ಅಂದಾಜಿನಲ್ಲೇ ಶೇ 10ರ ತಪ್ಪು ಇರುವಾಗ ಮೊದಲನೆಯದೇ ಬೇಕು ಎಂದು ಹಟ ಹಿಡಿಯುವುದರಲ್ಲಿ ಅರ್ಥ ಇಲ್ಲ ಅಲ್ವಾ? ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ 1993ರಿಂದ ಉತ್ತರ ಅಮೆರಿಕದ ತನ್ನ 60ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಮರುಜೋಡಿಸಿದಾಗ ಒಂದೇ ಉತ್ತರವನ್ನು ಹಿಡಿದು ಕೂರಲಿಲ್ಲ. ಹಲವು ಒಳ್ಳೆಯ ಉತ್ತರಗಳನ್ನು ನಕ್ಷೆಯ ಮೇಲೆ ಹಾಕಿ ತಂಡಗಳ ಮುಂದಿಟ್ಟರು. ಕಾರ್ಖಾನೆಗಳ ಸಂಖ್ಯೆ ಸುಮಾರು ಶೇ 20 ಇಳಿಯಿತು, ವರ್ಷಕ್ಕೆ 20 ಕೋಟಿ ಡಾಲರ್ ಉಳಿಯಿತು.

ಆಮೇಲೆ ಬಂದದ್ದು ಸಮುದ್ರದ ಸರದಿ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಬಂದ್ ಆಯಿತು. ಅದು ಅಪಘಾತ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಯೆಮೆನ್ ದೇಶದ ಹೂಥಿ ಬಂಡುಕೋರರ ದಾಳಿ ಶುರುವಾಯಿತು. ದೊಡ್ಡ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಹತ್ತರಿಂದ 14 ದಿನ ಜಾಸ್ತಿ.

ಇದು ಕೊಡಗು, ಚಿಕ್ಕಮಗಳೂರು, ಹಾಸನಕ್ಕೆ ನೇರವಾಗಿ ತಟ್ಟಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. 20 ಅಡಿಯ ಒಂದು ಕಂಟೇನರಿನಲ್ಲಿ ಸುಮಾರು 19 ಟನ್ ಕಾಫಿ ಹಿಡಿಯುತ್ತದೆ. ಮೊದಲು ಹಾಕಿದ ದರದಲ್ಲೇ ನೋಡಿ: 14 ದಿನ ತಡವಾದರೆ ಬಡ್ಡಿಯೇ ಕಂಟೇನರಿಗೆ 29 ಸಾವಿರ ರೂಪಾಯಿ. ಅದರ ಮೇಲೆ ಏರಿದ ಬಾಡಿಗೆ. ಅದರ ಮೇಲೆ ಖಾಲಿ ಕಂಟೇನರ್ ವಾಪಸ್ ಬರುವುದೂ ತಡ. ದೊಡ್ಡ ಯುರೋಪಿಯನ್ ಕಂಪನಿಯ ಮಾಡೆಲ್‌ನಲ್ಲಿ ಇದಕ್ಕೆ ಪರಿಹಾರ ಇದೆ: ಎರಡು ವಾರದ ದಾಸ್ತಾನು ಜಾಸ್ತಿ ಇಡು, ಅಥವಾ ಸೂಯೆಜ್ ದಾಟುವ ಅಗತ್ಯವೇ ಇಲ್ಲದ ಬ್ರೆಜಿಲ್‌ನಿಂದ ಸ್ವಲ್ಪ ಹೆಚ್ಚು ತರಿಸು. ಆ ಮಾಡೆಲ್‌ಗೆ ಕುಶಾಲನಗರದ ರಫ್ತುದಾರ ಬರೀ ಒಂದು ಬಾಣದ ಗುರುತು. ಬಾಣವನ್ನು ತೆಳು ಮಾಡಿದರೆ ಅವನ ಬ್ಯಾಂಕ್ ಸಾಲ ಏನಾಗುತ್ತದೆ ಎಂಬುದು ಅವರ ಲೆಕ್ಕದ ಸಾಲಲ್ಲ. ಕೊಳ್ಳುವವನ ಮಾಡೆಲ್ ಕೊಳ್ಳುವವನಿಗಾಗಿ ಬರೆದದ್ದು. ಇದರಲ್ಲಿ ದುರುದ್ದೇಶ ಇಲ್ಲ, ಆದರೆ ನಾವು ಆ ಬಾಣದ ಈ ತುದಿಯಲ್ಲಿ ಇದ್ದೇವೆ.

ಇಷ್ಟೆಲ್ಲ ಆದರೂ ಸುಂಕ ಎಂಬ ಸಾಲು ಮಾತ್ರ ದಶಕಗಳ ಕಾಲ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಇಂತಿಷ್ಟು ಎಂದು ಒಮ್ಮೆ ತುಂಬಿದರೆ ವರ್ಷಗಟ್ಟಲೆ ಮುಟ್ಟಬೇಕಿರಲಿಲ್ಲ. 2025ರಲ್ಲಿ ಅದೂ ಅಲುಗಾಡಿತು. ಏಪ್ರಿಲ್ 2ರಂದು ಟ್ರಂಪ್ ಚೀನಾಕ್ಕೆ ಹೆಚ್ಚುವರಿಯಾಗಿ ಶೇ 34, ಭಾರತಕ್ಕೆ ಶೇ 26 ಸುಂಕ ಪ್ರಕಟಿಸಿದರು. ಏಪ್ರಿಲ್ 9ರಂದು ಬೇರೆ ದೇಶಗಳಿಗೆ ಅದನ್ನು 90 ದಿನ ತಡೆದು ಶೇ 10ಕ್ಕೆ ಇಳಿಸಿದರು, ಚೀನಾದ್ದು ಒಟ್ಟು ಶೇ 145ಕ್ಕೆ ಹೋಯಿತು. ಏಪ್ರಿಲ್ 11ರ ರಾತ್ರಿ ಸ್ಮಾರ್ಟ್‌ಫೋನ್‌ಗಳಿಗೆ ಈ ಸುಂಕದಿಂದ ವಿನಾಯಿತಿ ಸಿಕ್ಕಿತು. ಚೀನಾದ ಫೋನಿಗೆ ಮೊದಲೇ ಇದ್ದ ಶೇ 20 ಮಾತ್ರ ಉಳಿಯಿತು. ಹತ್ತು ದಿನದೊಳಗೆ ಒಂದೇ ವಸ್ತುವಿನ ಒಂದೇ ಸಂಖ್ಯೆ ಮೂರು ಸಲ ಬದಲು! ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲೆ ಸುಂಕ ಶೇ 50ಕ್ಕೆ ಏರಿತು, ಆಗಲೂ ಸ್ಮಾರ್ಟ್‌ಫೋನ್ ತಪ್ಪಿಸಿಕೊಂಡಿತು. ತಿರುಪ್ಪೂರಿನ ಬನಿಯನ್ನಿಗೆ ಆ ಅದೃಷ್ಟ ಇರಲಿಲ್ಲ.

ಕಾರ್ಖಾನೆ ಕಟ್ಟೋಕೆ ಎರಡು ಮೂರು ವರ್ಷ ಬೇಕು. ಸುಂಕ ಬದಲಾಗೋಕೆ ಒಂದು ರಾತ್ರಿ ಸಾಕು. ಇಂಥಲ್ಲಿ ಯಾವುದೋ ಒಂದು ಸುಂಕ ಹಾಕಿ ಅತ್ಯುತ್ತಮ ಜಾಲ ಯಾವುದು ಎಂದು ಕೇಳುವುದರಲ್ಲಿ ಹುರುಳಿಲ್ಲ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸುತ್ತಾರೆ: ಮುಂದೆ ಏನೇ ಆದರೂ, ಛೇ ಇನ್ನೊಂದನ್ನು ಆಯ್ದಿದ್ದರೆ ಚೆನ್ನಾಗಿತ್ತು ಎಂಬ ಪಶ್ಚಾತ್ತಾಪ ಅತಿ ಕಡಿಮೆ ಇರುವ ಆಯ್ಕೆ ಯಾವುದು? ಮೇಲಿನ ಎರಡು ಊರಿನ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ. ಎರಡು ಊರು ಆಯ್ದರೆ ಒಳ್ಳೆಯ ವರ್ಷದಲ್ಲಿ 18 ಕೋಟಿ ಪಶ್ಚಾತ್ತಾಪ. ಒಂದೇ ಊರು ಆಯ್ದರೆ ಕೆಟ್ಟ ವರ್ಷದಲ್ಲಿ, ಉಳಿಸಿದ 18 ಕೋಟಿ ಕಳೆದರೂ, 82 ಕೋಟಿ. ಸಂಭವನೀಯತೆ ಕೇಳದೆಯೇ ನಿರ್ಧಾರ ಆಯಿತು. ಇದು ಹೆದರುವವರ ಲೆಕ್ಕ ಎಂದು ಆಕ್ಷೇಪಿಸಬಹುದು. ಹೌದು. ಕೆಟ್ಟ ಸನ್ನಿವೇಶಗಳ ಪಟ್ಟಿಗೆ ಏನು ಬೇಕಾದರೂ ಸೇರಿಸಿ ಖರ್ಚು ಏರಿಸಬಹುದು. ಪಟ್ಟಿ ಯಾರು ಬರೆದರು ಅನ್ನೋದರ ಮೇಲೆ ಉತ್ತರ ನಿಂತಿರುತ್ತದೆ.

ಆ್ಯಪಲ್ ಚೀನಾದ ಜೊತೆ ಭಾರತವನ್ನೂ ಇಟ್ಟುಕೊಂಡದ್ದು ಈ ಎರಡನೇ ಊರಿನ ತರ್ಕವೇ. ಐಫೋನ್ ಜೋಡಿಸಿಕೊಡುವ ತೈವಾನಿನ ಫಾಕ್ಸ್‌ಕಾನ್ ಕಂಪನಿ ದೇವನಹಳ್ಳಿಗೆ ಬಂತು. ಕೋಲಾರದ ನರಸಾಪುರದಲ್ಲಿ ಅದೇ ಕೆಲಸ ಮಾಡುತ್ತಿದ್ದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡುಕೊಂಡಿತು. 2025ರ ಮೇ ತಿಂಗಳಲ್ಲಿ ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್, ಜೂನ್ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರಾಟವಾಗುವ ಹೆಚ್ಚಿನ ಐಫೋನ್‌ಗಳು ಭಾರತದಲ್ಲಿ ತಯಾರಾದವೇ ಆಗಿರುತ್ತವೆ ಎಂಬ ನಿರೀಕ್ಷೆ ಇದೆ ಎಂದರು. ಕೇಂದ್ರದ ಉತ್ಪಾದನೆ ಆಧರಿತ ಪ್ರೋತ್ಸಾಹಧನ, ಹೆಚ್ಚುವರಿ ಮಾರಾಟದ ಮೇಲೆ ಶೇ 4ರಿಂದ 6, ಮಾಡೆಲ್‌ನಲ್ಲಿ ಪ್ರತಿ ಫೋನಿನ ಖರ್ಚನ್ನು ಇಳಿಸಿದ ಸಾಲು. ರಾಜ್ಯ ಕೊಡುವ ಜಾಗ, ವಿನಾಯಿತಿಗಳು ಸ್ಥಿರ ಖರ್ಚನ್ನು ಇಳಿಸುವ ಸಾಲು. ಎರಡೂ ಸೇರಿ 0 ಇದ್ದದ್ದು 1 ಆಯಿತು.

ನರಸಾಪುರಕ್ಕೇ ಸೇರಿದ ಒಂದು ಬರೆಯದ ಸಾಲೂ ಇದೆ. 2020ರ ಡಿಸೆಂಬರ್ 12ರಂದು ಸಂಬಳದ ವಿಚಾರಕ್ಕೆ ಅಲ್ಲಿನ ಕಾರ್ಮಿಕರು ರೊಚ್ಚಿಗೆದ್ದರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಎಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಕಾರ್ಖಾನೆ ಮತ್ತೆ ಓಡಿದ್ದು 2021ರಲ್ಲಿ. ಕೂಲಿ ಎಂಬ ಸಾಲು ಎಲ್ಲ ಮಾಡೆಲ್‌ಗಳಲ್ಲೂ ಇರುತ್ತದೆ. ಆ ಕೂಲಿ ಕೈಗೆ ತಲುಪಿತೋ ಇಲ್ಲವೋ ಎಂಬ ಸಾಲು ಇರುವುದಿಲ್ಲ. ಕಾರ್ಖಾನೆ ನಿಲ್ಲಿಸುವ ಶಕ್ತಿ ಭೂಕಂಪಕ್ಕೆ ಮಾತ್ರ ಇರುವುದಲ್ಲ.

ಇನ್ನೊಂದು ಸಾಲು ಬಿಡಿಭಾಗಗಳದ್ದು. ಸುಂಕದ ವ್ಯತ್ಯಾಸದಿಂದ ಬಂದ 1, ಸುಂಕದ ವ್ಯತ್ಯಾಸ ಹೋದರೆ ಮತ್ತೆ 0 ಆಗಬಹುದು. ಕಟ್ಟಡ ಕಟ್ಟಿ ಆಗಿದೆ, ಆ ಖರ್ಚು ಮರಳಿ ಬರಲ್ಲ ಎಂಬುದು ಸ್ವಲ್ಪ ಕಾಲ ಹಿಡಿದಿಡುತ್ತದೆ. ಗಟ್ಟಿಯಾಗಿ ಹಿಡಿದಿಡುವುದು ಸುತ್ತಮುತ್ತ ಬೆಳೆದ ಸರಬರಾಜುದಾರರು. ಚೀನಾದ ಶೆನ್‌ಜೆನ್, ಜೆಂಗ್‌ಜೌಗಳಲ್ಲಿ ಅದು ಇದೆ. ಇಲ್ಲಿ ಜೋಡಣೆ ನಮ್ಮದು, ಒಳಗಿನ ಭಾಗಗಳಲ್ಲಿ ಹೆಚ್ಚಿನವು ಹೊರಗಿನವು. 2025ರ ಜುಲೈನಲ್ಲಿ ಫಾಕ್ಸ್‌ಕಾನ್‌ನ ಭಾರತದ ಕಾರ್ಖಾನೆಗಳಿಂದ 300ಕ್ಕೂ ಹೆಚ್ಚು ಚೀನಾ ಎಂಜಿನಿಯರುಗಳು, ತಂತ್ರಜ್ಞರು ವಾಪಸ್ ಹೋದರು ಎಂಬ ವರದಿ ಬಂದಾಗ ಆ ಕೊರತೆ ಎದ್ದು ಕಂಡಿತು. ಹಾಗೆ ನೋಡಿದರೆ ಅಸಲಿ ಎರಡನೇ ಊರು ಇನ್ನೂ ಆಗಿಲ್ಲ. ಮೊದಲ ಊರು ನಿಂತರೆ ಎರಡನೆಯದೂ ಭಾಗ ಸಿಗದೆ ನಿಲ್ಲುತ್ತದೆ ಅಂದರೆ 18 ಕೋಟಿಯ ಕಂತು ಕಟ್ಟಿಯೂ ವಿಮೆ ಸಿಗದ ಸ್ಥಿತಿ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 22,919 ಕೋಟಿ ರೂಪಾಯಿಯ ಎಲೆಕ್ಟ್ರಾನಿಕ್ ಬಿಡಿಭಾಗ ತಯಾರಿಕೆ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಈ ಸಾಲಿಗಾಗಿ. ಸರ್ಕ್ಯೂಟ್ ಬೋರ್ಡು, ಕ್ಯಾಮೆರಾ ಮಾಡ್ಯೂಲು, ಡಿಸ್‌ಪ್ಲೇ ಮಾಡುವವರು ದೇವನಹಳ್ಳಿಯಿಂದ ಲಾರಿ ದೂರದಲ್ಲಿ ನೆಲೆ ನಿಂತರೆ, ಮುಂದಿನ ಸಲ ಯಾರೋ ಸಾಲ್ವರ್ ಓಡಿಸಿದಾಗ ಅಮೆರಿಕದ ಸುಂಕ ಸ್ವಲ್ಪ ಅತ್ತಿತ್ತ ಆದರೂ ಇಲ್ಲಿನ 1 ಅಲುಗಾಡುವುದಿಲ್ಲ.